ಊರು ಸುತ್ತಿ ಉಂಡರೆ ಹೊಟ್ಟೆ ತುಂಬೀತೆ?

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಊಟ ಬಲ್ಲವನಿಗೆ ರೋಗವಿಲ್ಲ ಎಂದೂ ಹೇಳಿದರು. ಆದರೆ ಸುತ್ತುವುದನ್ನೂ ಉಣ್ಣುವುದನ್ನೂ ಕಸುಬು ಮಾಡಿಕೊಂಡು ಸಂಸಾರ ತೂಗಿಸಬಹುದು ಎಂದು ಯಾವ ಗಾದೆಯೂ ಹೇಳಲಿಲ್ಲ. ಇಂದು ಬೆಂಗಳೂರಿನ ಪೂರ್ವ ಭಾಗದಲ್ಲಿ ಅಂಥ ಕಸುಬಿನವರು ಕಣ್ಣಿಗೆ ಬೀಳದ ದಿನವಿಲ್ಲ. ಶಿವಾಜಿನಗರದ ಕಬಾಬಿನ ಒಲೆಯ ಮುಂದೆ, ಹಲಸೂರಿನ ಇಡ್ಲಿ ಅಂಗಡಿಯ ಎದುರು, ಇಂದಿರಾನಗರದ ನೂರಡಿ ರಸ್ತೆಯ ಹೊಸ ಹೋಟೆಲುಗಳಲ್ಲಿ, ಕೆ.ಆರ್. ಪುರದ ತಳ್ಳುಗಾಡಿಗಳ ಬಳಿ ಅವರನ್ನು ಕಾಣಬಹುದು. ತಟ್ಟೆ ಬಂದೊಡನೆ ಮೊದಲ ತುತ್ತು ಬಾಯಿಗಲ್ಲ, ಮೊಬೈಲಿಗೆ.

ಕೆಲವರು ಬರೆಯುತ್ತಾರೆ, ಹಲವರು ವಿಡಿಯೋ ತೆಗೆಯುತ್ತಾರೆ. ಬ್ಲಾಗು, ವ್ಲಾಗು, ರೀಲು ಎಂದು ಹೆಸರು ಬೇರೆಯಾದರೂ ಕೆಲಸ ಒಂದೇ. ತಾವು ಉಂಡದ್ದನ್ನೂ ಕಂಡದ್ದನ್ನೂ ಇನ್ನೊಬ್ಬರಿಗೆ ಹೇಳುವುದು, ಹಾಗೆ ಹೇಳುವುದರಿಂದಲೇ ಸಂಪಾದಿಸುವುದು. ಇರುವ ನೌಕರಿ ಬಿಟ್ಟು ಇದಕ್ಕೆ ಇಳಿಯುವ ಯುವಕ ಯುವತಿಯರೂ ಇದ್ದಾರೆ. ಮನೆಯ ಹಿರಿಯರಿಗೆ ಇದು ಅರ್ಥವಾಗದ ಸಂಗತಿ. ‘ತಿಂದದ್ದನ್ನು ಹೇಳಿದರೆ ದುಡ್ಡು ಕೊಡುವವರು ಯಾರು?’ ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಸರಿಯಾಗಿಯೇ ಇದೆ. ಈ ಕಸುಬಿನ ಇತಿಹಾಸವನ್ನು ಕೆದಕಿದರೆ ಎಲ್ಲವೂ ಅದೊಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ. ಸ್ವಾರಸ್ಯದ ಸಂಗತಿಯೆಂದರೆ, ಉತ್ತರದ ಮೊದಲ ಪುಟಗಳಲ್ಲೊಂದು ಬರೆದದ್ದೂ ಇದೇ ಬೆಂಗಳೂರು ದಂಡಿನಲ್ಲಿ, 19ನೇ ಶತಮಾನದ ಕೊನೆಗೆ.

ಹದಿಮೂರು ರೂಪಾಯಿ ಬಾಕಿಯ ಲೆಫ್ಟಿನೆಂಟ್

1896ರಲ್ಲಿ ನಾಲ್ಕನೇ ಹುಸಾರ್ಸ್ ಅಶ್ವದಳದ ಜೊತೆ ಬೆಂಗಳೂರಿಗೆ ಬಂದ ಅಧಿಕಾರಿಗಳಲ್ಲಿ 21 ವರ್ಷದ ವಿನ್‌ಸ್ಟನ್ ಚರ್ಚಿಲ್ ಕೂಡ ಒಬ್ಬ. ಗೆಳೆಯರಿಬ್ಬರೊಡನೆ ಒಂದು ಬಂಗಲೆ ಹಿಡಿದ. ಬೆಳಿಗ್ಗೆ ಕವಾಯತು, ಸಂಜೆ ಪೋಲೊ ಆಟ, ನಡುವೆ ಉರಿಬಿಸಿಲಿನ ಉದ್ದನೆಯ ಬಿಡುವು. ಆ ಬಿಡುವಿನಲ್ಲಿ ಗುಲಾಬಿ ಬೆಳೆಸಿದ, ಚಿಟ್ಟೆ ಹಿಡಿದ, ತಾಯಿ ಕಳಿಸಿದ ಇತಿಹಾಸದ ದಪ್ಪ ಪುಸ್ತಕಗಳನ್ನು ಓದಿದ. ಸಂಬಳ ಖರ್ಚಿಗೆ ಸಾಲದು. ಸಾಲ ಬೆಳೆಯುತ್ತಿತ್ತು.

1897ರಲ್ಲಿ ವಾಯವ್ಯ ಗಡಿಯ ಮಲಾಕಂಡದಲ್ಲಿ ಕಾಳಗ ಶುರುವಾಯಿತು. ಚರ್ಚಿಲ್ ರಜೆ ಪಡೆದು ಬೆಂಗಳೂರಿನಿಂದ ರೈಲು ಹತ್ತಿದ. ಅಲ್ಲಿಂದ ಎರಡು ಪತ್ರಿಕೆಗಳಿಗೆ ಬರೆದ. ಅಲಹಾಬಾದಿನ ‘ಪಯನೀರ್’ ಪತ್ರಿಕೆಗೆ ತಂತಿ ಸುದ್ದಿ, ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಗೆ ಓಲೆಗಳು. ಲಂಡನ್ ಪತ್ರಿಕೆ ಒಂದು ಅಂಕಣಕ್ಕೆ ಐದು ಪೌಂಡು ಕೊಟ್ಟಿತು. ಹೆಸರು ಹಾಕದೆ ‘ಒಬ್ಬ ಯುವ ಅಧಿಕಾರಿ’ ಬರೆದದ್ದೆಂದು ಅಚ್ಚು ಮಾಡಿತು. ಹಣ ಕಡಿಮೆಯಾಯಿತು, ಹೆಸರೂ ಇಲ್ಲವಾಯಿತು ಎಂದು ಅವನಿಗೆ ಬೇಸರವಾಯಿತು. ದಂಡಿಗೆ ಮರಳಿ ಕೆಲವೇ ವಾರಗಳಲ್ಲಿ ಅದೇ ಓಲೆಗಳನ್ನು ಬೆಳೆಸಿ ಪುಸ್ತಕ ಬರೆದು ಮುಗಿಸಿದ. ಮಲಾಕಂಡದ ಕಾಳಗವನ್ನು ಕುರಿತ ಆ ಪುಸ್ತಕ 1898ರ ಮಾರ್ಚಿನಲ್ಲಿ ಹೊರಬಂತು. ಈ ಬಾರಿ ಮುಖಪುಟದ ಮೇಲೆ ಹೆಸರಿತ್ತು.

1899ರಲ್ಲಿ ಆತ ಸೈನ್ಯಕ್ಕೆ ರಾಜೀನಾಮೆ ಕೊಟ್ಟ. ಕಾರಣವನ್ನು ಆತ್ಮಕಥೆಯಲ್ಲಿ ಲೆಕ್ಕದ ಮಾತಿನಲ್ಲೇ ಹೇಳಿಕೊಂಡಿದ್ದಾನೆ. ಮೂರು ವರ್ಷದ ದುಡಿಮೆಗೆ ರಾಣಿಯ ಸರ್ಕಾರ ಕೊಟ್ಟ ಸಂಬಳದ ಸುಮಾರು ಐದು ಪಟ್ಟು ಹಣ ಎರಡು ಪುಸ್ತಕ ಮತ್ತು ಪತ್ರಿಕೆಯ ಓಲೆಗಳಿಂದ ಬಂದಿತ್ತು. ಆತ ಊರು ಬಿಟ್ಟ ವರ್ಷವೇ, ಇಂದು ಬೆಂಗಳೂರು ಕ್ಲಬ್ಬು ಎಂದು ಹೆಸರಾದ ಸಂಸ್ಥೆ ವಸೂಲಾಗದ ಬಾಕಿಗಳ ಪಟ್ಟಿಯಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರಿನ ಎದುರು 13 ರೂಪಾಯಿ ಎಂದು ಬರೆದುಕೊಂಡಿತು. ಆ ಲೆಕ್ಕದ ಪುಸ್ತಕವನ್ನು ಕ್ಲಬ್ಬು ಜೋಪಾನವಾಗಿ ಇರಿಸಿಕೊಂಡಿದೆ.

ಚರ್ಚಿಲ್ ಭಾರತದ ಸ್ವಾತಂತ್ರ್ಯದ ಬಗ್ಗೆ ಮುಂದೆ ತಳೆದ ನಿಲುವು ಕನ್ನಡಿಗರಿಗೆ ಗೊತ್ತಿರುವುದೇ. ಅದು ಬೇರೆ ಕಥೆ. ಇಲ್ಲಿ ಗಮನಿಸಬೇಕಾದದ್ದು ಆತ ಹೆಜ್ಜೆ ಇಟ್ಟ ಕ್ರಮವನ್ನು. ಬರವಣಿಗೆ ಕೈಹಿಡಿಯುವುದೆಂದು ಖಚಿತವಾಗುವ ತನಕ ಸಂಬಳದ ಕೆಲಸ ಬಿಡಲಿಲ್ಲ. ಒಂದೇ ಪ್ರಯಾಣವನ್ನು ಮೂರು ಬಗೆಯಲ್ಲಿ ಮಾರಿದ: ತಂತಿಯಾಗಿ, ಓಲೆಯಾಗಿ, ಪುಸ್ತಕವಾಗಿ. ಖರೀದಿಸಿದವರು ಪತ್ರಿಕೆಯವರು ಮತ್ತು ಓದುಗರು.

ಅಡುಗೆಮನೆಯ ಕರ್ನಲ್

ಪ್ರಯಾಣದ ಮಾತಾಯಿತು, ಊಟದ ಕಡೆಗೆ ಬರೋಣ. ಬೆಂಗಳೂರಿನ ದಂಡು ಮದ್ರಾಸು ಸೈನ್ಯಕ್ಕೆ ಸೇರಿದ್ದ ಠಾಣೆ. ಆ ಸೈನ್ಯದ ಅಶ್ವದಳದಲ್ಲಿದ್ದ ಆರ್ಥರ್ ಕೆನ್ನಿ-ಹರ್ಬರ್ಟ್ ಎಂಬ ಅಧಿಕಾರಿಗೆ ಅಡುಗೆಯ ಹುಚ್ಚು. ‘ವೈವರ್ನ್’ ಎಂಬ ಗುಪ್ತನಾಮದಲ್ಲಿ ಮದ್ರಾಸಿನ ಪತ್ರಿಕೆಯೊಂದಕ್ಕೆ ಅಡುಗೆಯ ಲೇಖನಗಳನ್ನು ಬರೆಯತೊಡಗಿದ. ಕುದುರೆ ಸವಾರನೊಬ್ಬ ಸಾರು, ಸಾಸು, ಒಗ್ಗರಣೆಗಳ ಬಗ್ಗೆ ಬರೆಯುವುದು ಆ ಕಾಲಕ್ಕೆ ವಿಚಿತ್ರವೇ. ಓದುಗರು ಮೆಚ್ಚಿದರು. 1878ರಲ್ಲಿ ಲೇಖನಗಳು ‘ಕಲಿನರಿ ಜಾಟಿಂಗ್ಸ್ ಫಾರ್ ಮದ್ರಾಸ್’ ಎಂಬ ಪುಸ್ತಕವಾದವು. ಮತ್ತೆ ಮತ್ತೆ ಅಚ್ಚಾದ ಪುಸ್ತಕ ಅದು.

ಅದರಲ್ಲಿ ಡೇರೆ ಹಾಕಿಕೊಂಡು ಊರೂರು ತಿರುಗುವ ಅಧಿಕಾರಿಗಳಿಗಾಗಿಯೇ ಒಂದು ಅಧ್ಯಾಯವಿದೆ. ಸಾಮಾನು ಏನು ಒಯ್ಯಬೇಕು, ದಾರಿಯಲ್ಲಿ ಸಿಕ್ಕಿದ್ದರಲ್ಲಿ ಏನು ಬೇಯಿಸಬಹುದು ಎಂಬ ವಿವರ ಅಲ್ಲಿದೆ. ಪ್ರಯಾಣ ಮತ್ತು ಆಹಾರ ಒಟ್ಟಿಗೆ ಸೇರುವ ಬರವಣಿಗೆಯ ಒಂದು ಹಳೆಯ ಮಾದರಿ ಇದು. ನಿವೃತ್ತನಾಗಿ ಇಂಗ್ಲೆಂಡಿಗೆ ಹೋದ ಮೇಲೆ 1894ರಲ್ಲಿ ವೈವರ್ನ್ ಲಂಡನ್ನಿನಲ್ಲಿ ಅಡುಗೆ ಶಾಲೆ ತೆರೆದ. ಪತ್ರಿಕೆಯ ಅಂಕಣದಿಂದ ಹೆಸರು, ಹೆಸರಿನಿಂದ ಪುಸ್ತಕ, ಪುಸ್ತಕದಿಂದ ಶಾಲೆ. ಇಂದಿನ ಬ್ಲಾಗಿಗರು ಹತ್ತುವ ಮೆಟ್ಟಿಲುಗಳೂ ಹೆಚ್ಚು ಕಡಿಮೆ ಇವೇ.

ಅಂದ ಹಾಗೆ ಊಟದ ಬಗ್ಗೆ ಬರೆಯುವುದು ಇಂಗ್ಲಿಷರು ನಮಗೆ ಕಲಿಸಿದ ವಿದ್ಯೆಯೇನಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ಅಡುಗೆಯ ಭಾಗವಿದೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಬರೆದ. ಆದರೆ ಅಂದಿನ ಕವಿಗಳಿಗೆ ಅರಸರ ಆಶ್ರಯವಿತ್ತು. ಸಾವಿರಾರು ಅಪರಿಚಿತ ಓದುಗರನ್ನು ನೆಚ್ಚಿ ಬದುಕುವ ಬರಹಗಾರ ಬಂದದ್ದು ಅಚ್ಚಿನ ಯಂತ್ರ ಮತ್ತು ದಿನಪತ್ರಿಕೆ ಬಂದ ಮೇಲೆ.

ಪ್ರಯಾಣದಿಂದ ಹುಟ್ಟಿದ ಅಡುಗೆ

ಊಟ ಮತ್ತು ಅಲೆದಾಟದ ಬರಹಗಾರರಿಗೆ ಬೆಂಗಳೂರಿನ ಈ ಭಾಗ ಹಬ್ಬದೂಟದಂತೆ ಒದಗಿದ್ದಕ್ಕೆ ಕಾರಣವಿದೆ. ಇಲ್ಲಿಯ ಊರಿನ ಹೆಸರುಗಳಲ್ಲೇ ಊಟವಿದೆ. ಹಲಸಿನ ತೋಪಿನಿಂದ ಹಲಸೂರು ಎಂಬ ಹೆಸರು ಬಂತೆಂದು ಹೇಳುತ್ತಾರೆ. ಶಿವಾಜಿನಗರದ ಹಳೆಯ ಹೆಸರು ಬ್ಲಾಕ್‌ಪಲ್ಲಿ. ಬಿಳಿ ಅಕ್ಕಿ ಬೆಳೆಯುತ್ತಿದ್ದ ‘ಬಿಳಿ ಅಕ್ಕಿ ಪಳ್ಳಿ’ಯೇ ಇಂಗ್ಲಿಷರ ನಾಲಿಗೆಯಲ್ಲಿ ಹಾಗಾಯಿತು ಎಂಬ ಪ್ರತೀತಿ ಇದೆ. ಬಿಳಿಯದು ಕಪ್ಪಾದದ್ದು ಹೀಗೆ.

1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ಸೊಳ್ಳೆ ಮತ್ತು ಜ್ವರಕ್ಕೆ ಬೇಸತ್ತು ಸೈನ್ಯವನ್ನು ಹಲಸೂರಿನ ಬಳಿಗೆ ತಂದರು. ಸೈನ್ಯದ ಜೊತೆ ಬಂದವರು ಸಿಪಾಯಿಗಳಷ್ಟೇ ಅಲ್ಲ. ತಮಿಳುನಾಡಿನ ಕಡೆಯ ಗುತ್ತಿಗೆದಾರರು, ಕೂಲಿಕಾರರು, ಬಟ್ಲರುಗಳು ಬಂದರು. ದಖ್ಖನಿ ಮಾತಿನ ಮುಸ್ಲಿಮರು, ಕಛ್ಛಿನ ಮೆಮನ್ ವರ್ತಕರು ಬಂದರು. ಆಂಗ್ಲೋ ಇಂಡಿಯನ್ ಕುಟುಂಬಗಳು ನೆಲೆಸಿದವು. ಅವರವರ ಒಲೆ, ಅವರವರ ಮಸಾಲೆ. 1864ರಲ್ಲಿ ಜೋಲಾರಪೇಟೆಯಿಂದ ರೈಲು ದಂಡಿನ ನಿಲ್ದಾಣಕ್ಕೆ ಬಂದ ಮೇಲೆ ಮದ್ರಾಸಿನ ದಾರಿ ಇನ್ನೂ ಹತ್ತಿರವಾಯಿತು. 1898ರ ಪ್ಲೇಗಿನ ನಂತರ ಹುಟ್ಟಿದ ಫ್ರೇಜರ್ ಟೌನು, ಅಂದರೆ ಇಂದಿನ ಪುಲಕೇಶಿನಗರ, ಹೊಸ ಬೀದಿಗಳನ್ನು ಸೇರಿಸಿತು. ಅಲ್ಲಿಯ ಮಸೀದಿ ರಸ್ತೆಯ ಆಲ್ಬರ್ಟ್ ಬೇಕರಿ 1902ರಿಂದ ನಡೆಯುತ್ತಿದೆ. ಶಿವಾಜಿನಗರದ ರಸೆಲ್ ಮಾರುಕಟ್ಟೆ 1927ರ ಕಾಲದ ಕಟ್ಟಡ. ಮೀನು, ಮಾಂಸ, ಹಣ್ಣು, ಹೂವು ಎಲ್ಲವೂ ಅದರ ಕಮಾನುಗಳ ಆಚೀಚೆ ಸಿಗುತ್ತವೆ. ಸೆಪ್ಟೆಂಬರಿನಲ್ಲಿ ಸೇಂಟ್ ಮೇರಿ ಬೆಸಿಲಿಕಾದ ಜಾತ್ರೆ, ರಂಜಾನಿನಲ್ಲಿ ಹಲೀಮಿನ ಹಂಡೆ, ಡಿಸೆಂಬರಿನಲ್ಲಿ ರೋಸ್ ಕುಕ್ಕಿ ಮತ್ತು ಕಲ್‌ಕಲ್. ಕ್ಯಾಲೆಂಡರು ನೋಡದೆ ಮೂಗಿನಿಂದಲೇ ತಿಂಗಳು ಹೇಳಬಹುದಾದ ಬೀದಿಗಳಿವು.

ಇಲ್ಲಿಯ ಕೆಲವು ಅಡುಗೆಗಳು ಹುಟ್ಟಿದ್ದೇ ಪ್ರಯಾಣದಿಂದ. ಆಂಗ್ಲೋ ಇಂಡಿಯನ್ ಮನೆಗಳ ‘ಡಾಕ್ ಬಂಗಲೆ ಕೋಳಿ’ಯನ್ನೇ ನೋಡಿ. ಹೆದ್ದಾರಿಯ ಬಂಗಲೆಗೆ ಪ್ರಯಾಣಿಕರು ಹೊತ್ತಲ್ಲದ ಹೊತ್ತಿನಲ್ಲಿ ಬಂದಿಳಿದರೆ, ಅಂಗಳದಲ್ಲಿದ್ದ ಕೋಳಿಯನ್ನು ಹಿಡಿದು, ಕೈಗೆ ಸಿಕ್ಕ ಮಸಾಲೆ ಹಾಕಿ ಖಾನಸಾಮ ಮಾಡಿ ಬಡಿಸುತ್ತಿದ್ದ ಸಾರು ಅದು. ‘ರೈಲ್ವೆ ಮಟನ್ ಕರಿ’ ರೈಲಿನ ಊಟದ ಡಬ್ಬಿಯಿಂದ ಮನೆಗೆ ಬಂದದ್ದು. ಕೆಡದಿರಲೆಂದು ಅದಕ್ಕೆ ವಿನೆಗರೋ ಹುಣಸೆಯೋ ಬೀಳುತ್ತಿತ್ತು ಎನ್ನುತ್ತಾರೆ. ತಮಿಳಿನ ‘ಮಿಳಗು ತಣ್ಣಿ’, ಎಂದರೆ ಮೆಣಸಿನ ನೀರು, ಇಂಗ್ಲಿಷರ ಮೇಜಿನ ಮೇಲೆ ‘ಮಲ್ಲಿಗಟಾನಿ’ ಸೂಪಾಯಿತು. ನಮ್ಮ ಮೆಣಸಿನ ಸಾರಿನ ಆ ದಾಯಾದಿ ಹಡಗು ಹತ್ತಿ ಲಂಡನ್ನಿಗೂ ಹೋಯಿತು.

ಇಂಥ ಅಡುಗೆಗಳು ಬರೆದಿಡುವವರಿಲ್ಲದೆ ಕಣ್ಮರೆಯಾಗುವ ಭಯ ಯಾವಾಗಲೂ ಇತ್ತು. 1947ರಲ್ಲಿ ದಂಡು ಮೈಸೂರು ಸಂಸ್ಥಾನಕ್ಕೆ ಮರಳಿತು. ಮುಂದಿನ ವರ್ಷಗಳಲ್ಲಿ ಅನೇಕ ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡು, ಆಸ್ಟ್ರೇಲಿಯಾಗಳಿಗೆ ಹೊರಟುಹೋದವು. ಅಜ್ಜಿಯರ ಕೈರುಚಿ ಅವರ ಜೊತೆಯೇ ಹೋಗುವ ಸ್ಥಿತಿ. ಆ ಹೊತ್ತಿನಲ್ಲಿ ಬರವಣಿಗೆಗೆ ಕೈಹಾಕಿದವರಲ್ಲಿ ಬ್ರಿಜೆಟ್ ವೈಟ್-ಕುಮಾರ್ ಪ್ರಮುಖರು. ದಂಡಿನ ರೈಲು ದಾರಿಗೇ ಕವಲಾಗಿ ಸೇರಿದ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿ ಬೆಳೆದವರು. ಎರಡು ದಶಕಕ್ಕೂ ಹೆಚ್ಚು ಕಾಲ ಬ್ಯಾಂಕಿನಲ್ಲಿ ಕೆಲಸ ಮಾಡಿ, ಸ್ವಯಂ ನಿವೃತ್ತಿ ಪಡೆದು, ಬೆಂಗಳೂರಿನಲ್ಲಿ ಆಂಗ್ಲೋ ಇಂಡಿಯನ್ ಅಡುಗೆಯ ಪುಸ್ತಕಗಳನ್ನು ಒಂದಾದ ಮೇಲೊಂದರಂತೆ ತಂದರು. ಜೊತೆಗೆ ಬ್ಲಾಗು ಬರೆದರು, ಅಡುಗೆ ತರಗತಿ ನಡೆಸಿದರು, ಹೋಟೆಲುಗಳಿಗೆ ಸಲಹೆ ಕೊಟ್ಟರು. ವಲಸೆ ಹೋದ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಎಲ್ಲೋ ದೂರದ ದೇಶದಲ್ಲಿ ಕುಳಿತು ತಮ್ಮ ಮನೆಯ ‘ಬಾಲ್ ಕರಿ’ ಮತ್ತು ಹಳದಿ ಅನ್ನವನ್ನು ಆ ಬ್ಲಾಗಿನಲ್ಲಿ ಹುಡುಕಿಕೊಳ್ಳಬಹುದಾಯಿತು. ಹವ್ಯಾಸ ಕಸುಬಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇಲ್ಲಿಯೂ ಒಂದು ಸಂಬಳದ ಬದುಕು ಮೊದಲಿತ್ತು. ಬೇರೆಯವರಿಗೆ ಗೊತ್ತಿಲ್ಲದ, ತಮಗೆ ಚೆನ್ನಾಗಿ ಗೊತ್ತಿರುವ ಒಂದು ಅಡುಗೆಯ ಲೋಕವೂ ಕೈಯಲ್ಲಿತ್ತು.

ಅಚ್ಚಿನಿಂದ ತೆರೆಗೆ

ಬ್ಲಾಗು ಎಂಬುದು ಹೊಸ ಪದ. ಅಂತರ್ಜಾಲದಲ್ಲಿ ತಾನು ಕಂಡದ್ದನ್ನು ದಿನಚರಿಯಂತೆ ದಾಖಲಿಸುವುದಕ್ಕೆ 1997ರಲ್ಲಿ ಅಮೆರಿಕದಲ್ಲಿ ‘ವೆಬ್‌ಲಾಗ್’ ಎಂಬ ಹೆಸರು ಬಂತು. 1999ರಲ್ಲಿ ಅದು ಮೊಟಕಾಗಿ ‘ಬ್ಲಾಗ್’ ಆಯಿತು. ಅದೇ ವರ್ಷ ‘ಬ್ಲಾಗರ್’ ಎಂಬ ಸೇವೆ ಆರಂಭವಾಗಿ, ಯಾರು ಬೇಕಾದರೂ ಅಚ್ಚುಕೂಟದ ಹಂಗಿಲ್ಲದೆ ಬರೆದು ಪ್ರಕಟಿಸುವಂತಾಯಿತು. ಕನ್ನಡಕ್ಕೆ 1998ರಲ್ಲಿ ‘ಬರಹ’ ತಂತ್ರಾಂಶ ಬಂದಿತ್ತು. ಯೂನಿಕೋಡ್ ಹರಡಿದ ಮೇಲೆ ಕನ್ನಡದ ಬ್ಲಾಗುಗಳೂ ಮೊಳೆತವು. 2003ರಲ್ಲಿ ಗೂಗಲ್ ಸಂಸ್ಥೆ ಬ್ಲಾಗರನ್ನು ಕೊಂಡಿತು. ಅದೇ ವರ್ಷ, ಬರಹದ ಪಕ್ಕದಲ್ಲಿ ಜಾಹೀರಾತು ಹಾಕಿ ಬರೆದವರಿಗೆ ಪಾಲು ಕೊಡುವ ಏರ್ಪಾಡನ್ನೂ ತಂದಿತು. ‘ದುಡ್ಡು ಕೊಡುವವರು ಯಾರು’ ಎಂಬ ಪ್ರಶ್ನೆಗೆ ಹೊಸ ಉತ್ತರ ಸಿಕ್ಕಿದ್ದು ಆಗ.

ಬೆಂಗಳೂರಿನಲ್ಲಿ ನೆಲೆಸಿದ ನಂದಿತಾ ಅಯ್ಯರ್ ವೈದ್ಯಕೀಯ ಓದಿದವರು. 2006ರಲ್ಲಿ ‘ಸ್ಯಾಫ್ರನ್ ಟ್ರೇಲ್’ ಎಂಬ ಅಡುಗೆ ಬ್ಲಾಗು ಆರಂಭಿಸಿ, ಮುಂದೆ ಪತ್ರಿಕೆಯ ಅಂಕಣಗಾರರಾದರು, ಪುಸ್ತಕಗಳನ್ನೂ ಬರೆದರು. ಕೃಪಾಲ್ ಅಮನ್ನಾ ಇದೇ ನಗರದಿಂದ ಆಹಾರದ ನಿಯತಕಾಲಿಕ ನಡೆಸುತ್ತಿದ್ದು, ನಂತರ ‘ಫುಡ್ ಲವರ್ಸ್ ಟಿವಿ’ ಎಂಬ ಯೂಟ್ಯೂಬ್ ವಾಹಿನಿಗೆ ಬಂದರು. ಮಿಲಿಟರಿ ಹೋಟೆಲಿನ ಬಾಣಸಿಗರ ಎದುರು ನಿಧಾನವಾಗಿ ಕುಳಿತು ಮಾತನಾಡಿಸುವ ಅವರ ಕ್ರಮಕ್ಕೆ ದೊಡ್ಡ ಪ್ರೇಕ್ಷಕವರ್ಗವಿದೆ. ಪ್ರಯಾಣದ ಕಡೆ ನೋಡಿದರೆ ‘ಡಾ. ಬ್ರೋ’ ಎಂದೇ ಹೆಸರಾದ ಗಗನ್ ಶ್ರೀನಿವಾಸ್ ಅವರನ್ನು ಬಿಡುವಂತಿಲ್ಲ. ದೇಶ ವಿದೇಶಗಳ ಬೀದಿಗಳನ್ನು ಕನ್ನಡದಲ್ಲೇ ತೋರಿಸಿ ಲಕ್ಷಾಂತರ ನೋಡುಗರನ್ನು ಪಡೆದು, ಮುಂದೆ ಪ್ರವಾಸದ ಉದ್ಯಮಕ್ಕೂ ಕೈಹಾಕಿದರು. ಇಂಗ್ಲಿಷಿನಲ್ಲಿ ಮಾತ್ರ ಈ ಕಸುಬು ನಡೆಯುವುದು ಎಂಬ ನಂಬಿಕೆ ಅಲ್ಲಿಗೆ ಮುರಿಯಿತು.

ಊರಿನ ರೂಪವೂ ಈ ನಡುವೆ ಬದಲಾಯಿತು. ಒಂದು ಕಾಲಕ್ಕೆ ಎಚ್‌ಎಎಲ್ ನೌಕರರು, ನಿವೃತ್ತ ಸೇನಾಧಿಕಾರಿಗಳು ಮನೆ ಕಟ್ಟಿಕೊಂಡಿದ್ದ ಇಂದಿರಾನಗರದ ನೂರಡಿ ರಸ್ತೆ ಮತ್ತು 12ನೇ ಮುಖ್ಯರಸ್ತೆ ಹೋಟೆಲುಗಳ ಬೀದಿಗಳಾದವು. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ನಗರದ ಮೊದಲ ಮೆಟ್ರೊ ಓಡಿತು. ಇಂದಿರಾನಗರ, ಹಲಸೂರುಗಳು ಅದರ ನಿಲ್ದಾಣಗಳಾದವು. 2023ರ ಅಕ್ಟೋಬರಿನಲ್ಲಿ ಕೆ.ಆರ್. ಪುರದ ಕೊಂಡಿ ಕೂಡಿಕೊಂಡಿತು. ವೈಟ್‌ಫೀಲ್ಡಿನ ಕಂಪ್ಯೂಟರ್ ಉದ್ಯೋಗಿ ಸಂಜೆ ಮೊಬೈಲಿನಲ್ಲಿ ಕಂಡ ದೋಸೆಗೆ ರಾತ್ರಿಯೊಳಗೆ ಹಲಸೂರಿಗೆ ಬಂದು ಸರದಿಯಲ್ಲಿ ನಿಲ್ಲಬಹುದಾಯಿತು. 2016ರ ನಂತರ ಮೊಬೈಲ್ ಡೇಟಾ ಅಗ್ಗವಾದದ್ದು ಇದಕ್ಕೆಲ್ಲ ತುಪ್ಪ ಸುರಿಯಿತು. 2021ರಲ್ಲಿ ಇಂದಿರಾನಗರದಲ್ಲಿ ಆರಂಭವಾದ ರಾಮೇಶ್ವರಂ ಕೆಫೆಯ ಮುಂದೆ ನಿಂತ ಜನಸಂದಣಿಯ ಹಿಂದೆ ಇಂಥ ಕಿರುಚಿತ್ರಗಳ ಕೈವಾಡ ಎಷ್ಟಿದೆ ಎಂಬುದನ್ನು ಮೊಬೈಲು ಹಿಡಿದ ಯಾರೂ ಬಲ್ಲರು.

ಕಾಸು ಬರುವ ದಾರಿ

ಇನ್ನು ಲೆಕ್ಕಕ್ಕೆ ಬರೋಣ. ವಿಡಿಯೋ ಹಾಕಿದ ಮಾತ್ರಕ್ಕೆ ಹಣ ಬರುವುದಿಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ ಕನಿಷ್ಠ 1,000 ಚಂದಾದಾರರಿರಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ ಒಟ್ಟು 4,000 ಗಂಟೆ ನೋಡಿರಬೇಕು. ಕಿರು ವಿಡಿಯೋಗಳಾದರೆ 90 ದಿನದಲ್ಲಿ ಒಂದು ಕೋಟಿ ನೋಟಗಳು ಬೇಕು. ಉದ್ದ ವಿಡಿಯೋದ ಜಾಹೀರಾತಿನ ಆದಾಯದಲ್ಲಿ ಶೇ 55ರಷ್ಟು ಮಾಡಿದವರಿಗೆ ಸಲ್ಲುತ್ತದೆ. ಆದರೆ ಜಾಹೀರಾತಿನ ದರ ಭಾಷೆ, ದೇಶ, ಋತುಮಾನ ನೋಡಿ ಏರಿಳಿಯುತ್ತದೆ. ಇಂಗ್ಲೆಂಡಿನ ನೋಡುಗನಿಂದ ಬರುವಷ್ಟು ಹಣ ಬಾಣಸವಾಡಿಯ ನೋಡುಗನಿಂದ ಬರುವುದಿಲ್ಲ. ಹಬ್ಬದ ತಿಂಗಳಲ್ಲಿ ಉಕ್ಕಿದ ಆದಾಯ ಮುಂದಿನ ತಿಂಗಳು ಇಳಿಯಬಹುದು. ಸಂಬಳದ ಹಾಗೆ ಒಂದನೇ ತಾರೀಖಿನ ಭರವಸೆ ಇಲ್ಲಿಲ್ಲ.

ಆದ್ದರಿಂದ ಈ ಕಸುಬಿನವರು ಜಾಹೀರಾತಿನ ಪಾಲನ್ನೊಂದನ್ನೇ ನೆಚ್ಚುವುದಿಲ್ಲ. ಹೋಟೆಲು, ರೆಸಾರ್ಟು, ಮಸಾಲೆ ಪುಡಿಯ ಕಂಪೆನಿಗಳಿಂದ ನೇರವಾಗಿ ಹಣ ಪಡೆದು ವಿಡಿಯೋ ಮಾಡುವುದು ಎರಡನೆಯ ದಾರಿ. ಹಣದ ಬದಲು ಬಿಟ್ಟಿ ಊಟ, ಬಿಟ್ಟಿ ವಸತಿ ಪಡೆಯುವುದು ಮೂರನೆಯದು. ಅಡುಗೆ ತರಗತಿ, ಆಹಾರದ ಜಾಡಿನಲ್ಲಿ ಗುಂಪನ್ನು ಕರೆದೊಯ್ಯುವ ನಡಿಗೆ, ಪುಸ್ತಕ, ಹೋಟೆಲುಗಳಿಗೆ ಸಲಹೆ, ಸ್ವಂತ ಉಪ್ಪಿನಕಾಯಿ ಅಥವಾ ಪ್ರವಾಸದ ವ್ಯವಹಾರ ಇವು ಮಿಕ್ಕ ದಾರಿಗಳು. ಕ್ಯಾಮೆರಾ, ಸಂಕಲನ, ಪ್ರಯಾಣ ಮತ್ತು ಊಟದ ಖರ್ಚನ್ನು ಇವುಗಳಿಂದಲೇ ಕಳೆಯಬೇಕು. ಒಂದು ನಿಮಿಷದ ವಿಡಿಯೋ ಹಿಂದೆ ದಿನವಿಡೀ ಬಿಸಿಲಲ್ಲಿ ನಿಂತ ಶ್ರಮ ಇರುತ್ತದೆ. ತಿಂದು ತಿರುಗುವ ಕೆಲಸ ಎಂದು ಹೊರಗಿನವರಿಗೆ ಕಂಡರೂ, ಒಳಗಿನವರ ಹೆಚ್ಚಿನ ಹೊತ್ತು ಕಂಪ್ಯೂಟರ್ ಎದುರೇ ಕಳೆಯುತ್ತದೆ.

ಸರ್ಕಾರದ ಕಣ್ಣೂ ಈ ಕಡೆ ಬಿದ್ದಿದೆ. ವ್ಯವಹಾರದ ಸಂಬಂಧದಲ್ಲಿ ಪಡೆದ ಕೊಡುಗೆ, ಸವಲತ್ತುಗಳ ಬೆಲೆ ವರ್ಷಕ್ಕೆ 20,000 ರೂಪಾಯಿ ಮೀರಿದರೆ, ಕೊಡುವವರು ಶೇ 10ರಷ್ಟು ಆದಾಯ ತೆರಿಗೆ ಮುರಿದುಕೊಳ್ಳಬೇಕೆಂಬ ನಿಯಮ 2022ರ ಜುಲೈ 1ರಂದು ಜಾರಿಗೆ ಬಂತು. ಬಿಟ್ಟಿ ವಸತಿ, ವಿಮಾನದ ಟಿಕೆಟ್ಟು, ಪರೀಕ್ಷೆಗೆಂದು ಕೊಟ್ಟು ಹಿಂದಕ್ಕೆ ಪಡೆಯದ ಮೊಬೈಲು ಇವೆಲ್ಲ ಲೆಕ್ಕಕ್ಕೆ ಬಂದವು. ಬಿಟ್ಟಿ ಎಂಬುದು ತೆರಿಗೆಯ ಕಣ್ಣಿನಲ್ಲಿ ಸಂಪಾದನೆಯೇ ಎಂದಂತಾಯಿತು.

ತಟ್ಟೆಯ ದುಡ್ಡು ಯಾರದು?

ನಿಜವಾದ ತೊಡಕು ಇರುವುದು ಈ ಬಿಟ್ಟಿ ಊಟದಲ್ಲೇ. ಹೋಟೆಲಿನವರಿಂದ ಹಣ ಪಡೆದವರು ಅದೇ ಹೋಟೆಲಿನ ಸಾಂಬಾರು ಹಳಸಿದೆ ಎಂದು ಹೇಳುವರೇ? ಈ ಪ್ರಶ್ನೆಯನ್ನು ಜಗತ್ತು ಹಿಂದೆಯೂ ಎದುರಿಸಿದೆ.

1900ರಲ್ಲಿ ಫ್ರಾನ್ಸಿನ ಮಿಶೆಲಿನ್ ಸಹೋದರರು ಮೋಟಾರು ಸವಾರರಿಗಾಗಿ ಒಂದು ಕೈಪಿಡಿ ಹಂಚಿದರು. ಅವರು ಟೈರು ಮಾಡುವವರು. ಜನ ಹೆಚ್ಚು ತಿರುಗಿದರೆ ಟೈರು ಹೆಚ್ಚು ಸವೆದೀತು ಎಂಬುದು ಸರಳ ಲೆಕ್ಕ. ಕೈಪಿಡಿ ಮೊದಲು ಉಚಿತವಾಗಿತ್ತು, ಅದರಲ್ಲಿ ಜಾಹೀರಾತುಗಳಿದ್ದವು. 1920ರಲ್ಲಿ ಅದಕ್ಕೆ ಬೆಲೆ ಇಟ್ಟು ಜಾಹೀರಾತು ಕೈಬಿಟ್ಟರು. 1926ರಲ್ಲಿ ಒಳ್ಳೆಯ ಹೋಟೆಲುಗಳಿಗೆ ನಕ್ಷತ್ರ ಕೊಡತೊಡಗಿದರು. ಹೆಸರು ಹೇಳದೆ ಹೋಗಿ, ಉಂಡು, ಬಿಲ್ಲು ತಾವೇ ಕೊಟ್ಟು ಬರುವ ತನಿಖೆಗಾರರಿಂದಾಗಿ ಆ ನಕ್ಷತ್ರಕ್ಕೆ ಬೆಲೆ ಬಂತು. ಟೈರಿನವರ ಮಾತನ್ನು ಅಡುಗೆಯವರು ನಂಬುವಂತಾದದ್ದು ಹೀಗೆ.

ಅಮೆರಿಕದ ಡಂಕನ್ ಹೈನ್ಸ್‌ನ ಕಥೆ ಇಂದಿನ ಬ್ಲಾಗಿಗರಿಗೆ ಇನ್ನೂ ಹತ್ತಿರದ್ದು. ಮುದ್ರಣ ಸಂಸ್ಥೆಯ ಮಾರಾಟಗಾರನಾಗಿ ಊರೂರು ತಿರುಗುತ್ತಿದ್ದ ಈತ ದಾರಿಯಲ್ಲಿ ಶುಚಿಯಾದ ಊಟ ಸಿಗುವ ಜಾಗಗಳನ್ನು ಬರೆದಿಟ್ಟುಕೊಳ್ಳುತ್ತಿದ್ದ. 1935ರ ಕ್ರಿಸ್ಮಸ್ಸಿಗೆ ಶುಭಾಶಯದ ಜೊತೆ 167 ಹೋಟೆಲುಗಳ ಪಟ್ಟಿಯನ್ನು ಗೆಳೆಯರಿಗೆ ಕಳಿಸಿದ. ಪಟ್ಟಿ ಬೇಕೆಂದು ಅಪರಿಚಿತರೂ ಕೇಳತೊಡಗಿದಾಗ 1936ರಲ್ಲಿ ಪುಸ್ತಕ ಮಾಡಿದ. ಹೋಟೆಲುಗಳ ಜಾಹೀರಾತು ಬೇಡವೆಂದ. ಜನ ಆತನ ಮಾತು ನಂಬಿದರು. ಕೊನೆಗೆ ಆ ನಂಬಿಕೆಯೇ ದೊಡ್ಡ ಬಂಡವಾಳವಾಗಿ ಕೇಕಿನ ಹಿಟ್ಟಿನ ಪೊಟ್ಟಣದ ಮೇಲೆ ಆತನ ಹೆಸರು ಬಂತು. ಆ ಹೆಸರಿನ ಮನುಷ್ಯನೊಬ್ಬ ಇದ್ದನೆಂಬುದನ್ನು ಇಂದು ಕೇಕು ಮಾಡುವವರಲ್ಲಿ ಬಹಳ ಮಂದಿ ಅರಿಯರು.

ನಮ್ಮಲ್ಲಿಯೂ ಕಟ್ಟಳೆ ಬಂದಿದೆ. ಹಣವನ್ನೋ ಉಡುಗೊರೆಯನ್ನೋ ಪಡೆದು ಮಾಡಿದ ವಿಡಿಯೋದಲ್ಲಿ ಅದನ್ನು ಎದ್ದು ಕಾಣುವಂತೆ ತಿಳಿಸಬೇಕೆಂದು ಜಾಹೀರಾತು ಮಾನಕ ಮಂಡಳಿ 2021ರಲ್ಲಿ ನಿಯಮ ಮಾಡಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇದನ್ನೇ ಇನ್ನಷ್ಟು ಬಿಡಿಸಿ ಹೇಳಿತು. ಬಿಟ್ಟಿ ಊಟ, ಬಿಟ್ಟಿ ಪ್ರವಾಸಗಳನ್ನೂ ಹೇಳಲೇಬೇಕು, ಅದೂ ವಿಡಿಯೋ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಜಾಹೀರಾತಿಗೆ ಮುಖ ಕೊಟ್ಟವರೂ ಇದರಿಂದ ಹೊರತಲ್ಲ.

ಕಾನೂನು ನೋಡುಗನನ್ನು ಕಾಯುತ್ತದೆ. ಒಲೆಯ ಹಿಂದೆ ನಿಂತವರನ್ನು ಕಾಯುವವರು ಯಾರು? ಶಿವಾಜಿನಗರದ ಸಣ್ಣ ಗಲ್ಲಿಯಲ್ಲಿ ದಿನಕ್ಕೆ ಇಷ್ಟೇ ಎಂದು ಲೆಕ್ಕವಿಟ್ಟು ಪಾಯ ಬೇಯಿಸುವವರ ಮುಂದೆ ಒಂದು ವಿಡಿಯೋದಿಂದ ಇದ್ದಕ್ಕಿದ್ದಂತೆ ನೂರಾರು ಜನ ನಿಂತರೆ, ಹಂಡೆ ಬೇಗ ಬರಿದಾಗುತ್ತದೆ, ಹಳೆಯ ಗಿರಾಕಿ ಹಸಿದು ಹಿಂದಿರುಗುತ್ತಾನೆ. ಹೆಚ್ಚಿದ ಬೇಡಿಕೆ ನಂಬಿ ಆಳು ಇಟ್ಟುಕೊಂಡ ಮೇಲೆ ಜನ ಮತ್ತೊಂದು ವಿಡಿಯೋದ ಬೆನ್ನು ಹತ್ತಿದರೆ ನಷ್ಟ ಅಂಗಡಿಯವರದೇ. ಒಂದು ದಿನ ಉಪ್ಪು ಹೆಚ್ಚಾದದ್ದನ್ನು ಒಂದು ನಿಮಿಷದಲ್ಲಿ ಲೋಕಕ್ಕೆಲ್ಲ ಸಾರಿದರೆ ಅದನ್ನು ಅಳಿಸುವುದು ಅವರ ಕೈಲಾಗದು. ದೊಡ್ಡ ಹೋಟೆಲಿಗೆ ಇದು ಒಂದು ವಾರದ ತಲೆನೋವು. ತಳ್ಳುಗಾಡಿಯವರಿಗೆ ಮನೆಯ ಅನ್ನದ ಪ್ರಶ್ನೆ.

ಕಸುಬು ಬಲ್ಲವರು ಇದಕ್ಕೆ ಕೆಲವು ಕಟ್ಟುಪಾಡುಗಳನ್ನು ತಾವೇ ಹಾಕಿಕೊಂಡಿದ್ದಾರೆ. ಸಣ್ಣ ಅಂಗಡಿಯಲ್ಲಿ ಬಿಲ್ಲು ತಾವೇ ಕೊಡುವುದು, ಒಂದೇ ಸಲ ತಿಂದು ತೀರ್ಪು ಹೇಳದಿರುವುದು, ಚಿತ್ರ ತೆಗೆಯುವ ಮೊದಲು ಕೇಳುವುದು, ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ, ಎಷ್ಟು ಜನಕ್ಕೆ ಸಾಕಾಗುತ್ತದೆ ಎಂಬುದನ್ನು ಹೇಳುವುದು. ಚೆನ್ನಾಗಿದೆ, ಅದ್ಭುತವಾಗಿದೆ ಎಂಬ ಎರಡೇ ಮಾತಿನ ಬದಲು ಆ ಅಡುಗೆ ಎಲ್ಲಿಂದ ಬಂತು, ಯಾರು ಕಲಿಸಿದರು, ಯಾವ ಸೌದೆ, ಯಾವ ಮೆಣಸಿನಕಾಯಿ ಎಂದು ವಿಚಾರಿಸುವವರ ಮಾತಿಗೆ ಆಯುಸ್ಸು ಹೆಚ್ಚು. ವೈವರ್ನ್ ಬರೆದ ಪುಸ್ತಕವನ್ನು ಆಹಾರದ ಇತಿಹಾಸಕಾರರು ಇಂದಿಗೂ ತಿರುವಿ ಹಾಕುವುದು ಅದರಲ್ಲಿ ವಿವರ ಇದೆ ಎಂಬ ಕಾರಣಕ್ಕೆ.

ಹಾಗಾದರೆ ಊರು ಸುತ್ತಿ ಉಂಡರೆ ಹೊಟ್ಟೆ ತುಂಬೀತೆ? ತುಂಬೀತು, ಆದರೆ ಎಲ್ಲರದೂ ಅಲ್ಲ, ಬೇಗನೆಯೂ ಅಲ್ಲ. ಹುಚ್ಚು ಬೇಕು, ಅದು ಬಂಡವಾಳವಲ್ಲ. ಬಂಡವಾಳ ಕೇಳುಗರ ನಂಬಿಕೆ. ಅದು ಒಂದೊಂದೇ ತಟ್ಟೆಯಿಂದ ಕೂಡುತ್ತದೆ, ಒಂದೇ ಸುಳ್ಳಿನಿಂದ ಕರಗುತ್ತದೆ. ಈ ದಾರಿಗೆ ಇಳಿಯುವ ಮಗ ಅಥವಾ ಮಗಳು ಮನೆಯಲ್ಲಿದ್ದರೆ ಹಿರಿಯರು ‘ದುಡ್ಡು ಕೊಡುವವರು ಯಾರು?’ ಎಂದು ಮತ್ತೆ ಮತ್ತೆ ಕೇಳುವುದರಲ್ಲಿ ತಪ್ಪೇನಿಲ್ಲ. ಉತ್ತರವನ್ನು ಮನೆಯವರಿಗೆ ಹೇಳಿದಷ್ಟೇ ನೇರವಾಗಿ ನೋಡುಗರಿಗೂ ಹೇಳಬಲ್ಲವರು ಈ ಕಸುಬಿನಲ್ಲಿ ಉಳಿಯುತ್ತಾರೆ.